ಋತು ಮರೆತ ಕಷಾಯ

ಕೋವಿಡ್-19 ಹರಡತೊಡಗಿದ 2020ರ ಮೊದಲ ತಿಂಗಳುಗಳಲ್ಲಿ ಲಸಿಕೆಯಾಗಲಿ ಖಚಿತವಾದ ಔಷಧವಾಗಲಿ ಇರಲಿಲ್ಲವಾದ್ದರಿಂದ, ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಬೇಕೆಂಬ ಮಾತು ಪಟ್ಟಣ, ಹಳ್ಳಿ ಎನ್ನದೆ ಎಲ್ಲೆಡೆ ಕೇಳಿಬಂತು. ಕೇಂದ್ರ ಆಯುಷ್ ಸಚಿವಾಲಯವು ಆ ವರ್ಷದ ಮಾರ್ಚ್ ಕೊನೆಯಲ್ಲಿ ಹೊರಡಿಸಿದ ಸಲಹೆಯಲ್ಲಿ ದಿನವಿಡೀ ಬಿಸಿನೀರು ಕುಡಿಯುವುದು, ಕನಿಷ್ಠ 30 ನಿಮಿಷ ಯೋಗಾಸನ ಮತ್ತು ಪ್ರಾಣಾಯಾಮ ಮಾಡುವುದು, ಬೆಳಗ್ಗೆ 10 ಗ್ರಾಂ ಚ್ಯವನಪ್ರಾಶ ಸೇವಿಸುವುದು, 150 ಮಿಲಿಲೀಟರ್ ಬಿಸಿ ಹಾಲಿಗೆ ಅರ್ಧ ಚಮಚ ಅರಿಶಿನ ಬೆರೆಸಿ ಕುಡಿಯುವುದು, ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ ಮತ್ತು ಒಣದ್ರಾಕ್ಷಿಯ ಕಷಾಯವನ್ನು ದಿನಕ್ಕೆ ಒಂದೆರಡು ಬಾರಿ ತೆಗೆದುಕೊಳ್ಳುವುದು ಮುಂತಾದ ಕ್ರಮಗಳಿದ್ದವು. ಇವು ರೋಗವನ್ನು ಗುಣಪಡಿಸುವ ಚಿಕಿತ್ಸೆಯಲ್ಲ, ಆರೋಗ್ಯವನ್ನು ಕಾಪಾಡಿಕೊಳ್ಳಲು ನೆರವಾಗುವ ಕ್ರಮಗಳು ಎಂಬುದೇ ಆ ಸಲಹೆಯ ಆಶಯವಾಗಿತ್ತು. ಆದರೆ ಭಯದ ದಿನಗಳಲ್ಲಿ ಆ ವ್ಯತ್ಯಾಸ ಬಹಳ ಬೇಗ ಅಳಿಸಿಹೋಯಿತು.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳಿಗೆ ಈ ಪಟ್ಟಿಯಲ್ಲಿ ಅಪರಿಚಿತವಾದದ್ದು ಹೆಚ್ಚೇನೂ ಇರಲಿಲ್ಲ. ಅಡಿಕೆ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿ, ನಡುವೆ ಏಲಕ್ಕಿ ಬೆಳೆಯುವ ಈ ಸೀಮೆಯಲ್ಲಿ, ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸು, ಏಲಕ್ಕಿಗಳನ್ನು ಕೂಡಿಸಿ ಮಾಡಿದ ಪುಡಿಯನ್ನು ಬೆಲ್ಲ ಮತ್ತು ಹಾಲಿನೊಂದಿಗೆ ಕುದಿಸಿ ಚಹಾ, ಕಾಫಿಯ ಬದಲು ಕುಡಿಯುವ ರೂಢಿ ಅನೇಕ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಸಾಂಕ್ರಾಮಿಕದ ಕಾಲದಲ್ಲಿ ದೇಶದುದ್ದಕ್ಕೂ ಹಬ್ಬಿದ ಕಷಾಯದ ಭರಾಟೆಗೂ ಈ ಹಳೆಯ ರೂಢಿಗೂ ಸಾಮಗ್ರಿಯಲ್ಲಿ ಹೋಲಿಕೆಯಿದ್ದರೂ ವಿವೇಕದಲ್ಲಿ ಹೋಲಿಕೆಯಿರಲಿಲ್ಲ. ಎಷ್ಟು, ಯಾವಾಗ, ಯಾರಿಗೆ ಎಂಬ ಮೂರು ಪ್ರಶ್ನೆಗಳನ್ನು ಬಿಟ್ಟು ಆಯುರ್ವೇದದಿಂದ ದ್ರವ್ಯವನ್ನಷ್ಟೇ ಎತ್ತಿಕೊಂಡರೆ ಉಳಿಯುವುದು ಆಯುರ್ವೇದವಲ್ಲ ಎಂಬುದನ್ನು ಈ ಮೂರು ತಾಲೂಕುಗಳ ಆಹಾರಕ್ರಮ, ಕಾಡು ಮತ್ತು ಅಲ್ಲಿಯ ರೋಗಗಳ ಅನುಭವ ಚೆನ್ನಾಗಿ ತೋರಿಸಿಕೊಡುತ್ತವೆ.

ಶಾಸ್ತ್ರ ಹೇಳುವ ಬಲ

ಚರಕ ಸಂಹಿತೆಯು ಮನುಷ್ಯನ ಬಲವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಹುಟ್ಟಿನಿಂದ ಬಂದದ್ದು ಸಹಜ ಬಲ. ಋತು ಮತ್ತು ವಯಸ್ಸಿಗೆ ತಕ್ಕಂತೆ ಏರಿಳಿಯುವುದು ಕಾಲಜ ಬಲ. ಆಹಾರ ಮತ್ತು ವಿಹಾರಗಳ ಸರಿಯಾದ ಯೋಜನೆಯಿಂದ ಗಳಿಸಿಕೊಳ್ಳುವುದು ಯುಕ್ತಿಕೃತ ಬಲ. ರೋಗವನ್ನು ತಾಳಿಕೊಳ್ಳುವ ಸಾಮರ್ಥ್ಯಕ್ಕೆ ಶಾಸ್ತ್ರದಲ್ಲಿ ವ್ಯಾಧಿಕ್ಷಮತ್ವ ಎಂಬ ಹೆಸರಿದ್ದು, ಬಂದ ರೋಗದ ತೀವ್ರತೆಯನ್ನು ಎದುರಿಸುವುದು ಮತ್ತು ರೋಗ ಹುಟ್ಟದಂತೆ ತಡೆಯುವುದು ಎಂಬ ಎರಡೂ ಕೆಲಸಗಳು ಅದರಲ್ಲಿ ಸೇರಿವೆ ಎಂದು ಚರಕದ ವ್ಯಾಖ್ಯಾನಕಾರ ಚಕ್ರಪಾಣಿದತ್ತ 11ನೇ ಶತಮಾನದಲ್ಲಿ ವಿವರಿಸಿದ್ದಾನೆ. ಈ ಸಾಮರ್ಥ್ಯ ಎಲ್ಲರ ಶರೀರದಲ್ಲೂ ಒಂದೇ ಸಮನಾಗಿ ಇರುವುದಿಲ್ಲ, ಅತಿ ಸ್ಥೂಲರು, ಅತಿ ಕೃಶರು, ಅಹಿತವಾದ ಆಹಾರ ಸೇವಿಸುವವರು ಮತ್ತು ಮನೋಬಲ ಕಡಿಮೆಯಿರುವವರು ರೋಗಕ್ಕೆ ಬೇಗ ತುತ್ತಾಗುತ್ತಾರೆ ಎಂಬುದು ಗ್ರಂಥದ ನಿಲುವು. ಬಲವು ಜಠರಾಗ್ನಿಯನ್ನು, ಅಂದರೆ ಉಂಡದ್ದನ್ನು ಅರಗಿಸುವ ಶಕ್ತಿಯನ್ನು ಅವಲಂಬಿಸಿದೆ ಎಂದು ಭಾವಿಸುವ ಈ ಪದ್ಧತಿಯಲ್ಲಿ ಒಂದು ವಾರದಲ್ಲಿ ಬಲವನ್ನು ತುಂಬಿಕೊಡುವ ಪಾನೀಯಕ್ಕೆ ಸ್ಥಾನವಿಲ್ಲ.

ಆಧುನಿಕ ವೈದ್ಯವಿಜ್ಞಾನದ ವಿವರಣೆ ಬೇರೆ ದಾರಿಯದು. ಯಾವ ರೋಗಾಣು ಬಂದರೂ ತಕ್ಷಣ ಎದುರಿಸುವ ಜನ್ಮಜಾತ ವ್ಯವಸ್ಥೆ ಒಂದು, ಒಂದೊಂದು ರೋಗಾಣುವನ್ನೂ ಗುರುತು ಹಿಡಿದು ನೆನಪಿಟ್ಟುಕೊಳ್ಳುವ ಆರ್ಜಿತ ವ್ಯವಸ್ಥೆ ಇನ್ನೊಂದು. ಲಸಿಕೆ ಕೆಲಸ ಮಾಡುವುದು ಈ ಎರಡನೆಯದನ್ನು ಮುಂಚಿತವಾಗಿ ಸಜ್ಜುಗೊಳಿಸುವ ಮೂಲಕ. ಪೌಷ್ಟಿಕ ಆಹಾರ, ನಿದ್ರೆ, ವ್ಯಾಯಾಮಗಳಿಂದ ಈ ವ್ಯವಸ್ಥೆ ಸುಸ್ಥಿತಿಯಲ್ಲಿ ಉಳಿಯುತ್ತದೆಯೇ ಹೊರತು, ನಿರ್ದಿಷ್ಟ ವೈರಸ್ಸಿನ ನೆನಪು ಯಾವ ಕಷಾಯದಿಂದಲೂ ಅದಕ್ಕೆ ಬರುವುದಿಲ್ಲ. ಮೇಲಾಗಿ, ನಿರೋಧಕ ವ್ಯವಸ್ಥೆ ಹೆಚ್ಚು ಕೆರಳಿದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ. ಕೋವಿಡ್ ಉಲ್ಬಣಿಸಿದ ಅನೇಕ ರೋಗಿಗಳ ಶ್ವಾಸಕೋಶವನ್ನು ಹಾಳುಗೆಡವಿದ್ದರಲ್ಲಿ ಅವರ ನಿರೋಧಕ ವ್ಯವಸ್ಥೆಯ ಮಿತಿಮೀರಿದ ಪ್ರತಿಕ್ರಿಯೆಯ ಪಾಲೂ ದೊಡ್ಡದಿತ್ತು.

ಅಡುಗೆಮನೆಯ ಋತುಚರ್ಯೆ

ಋತುವಿಗೆ ತಕ್ಕಂತೆ ಆಹಾರ, ವಿಹಾರಗಳನ್ನು ಬದಲಿಸಿಕೊಳ್ಳುವ ಕ್ರಮವನ್ನು ಆಯುರ್ವೇದವು ಋತುಚರ್ಯೆ ಎಂದು ಕರೆಯುತ್ತದೆ. ಶಿರಸಿ ಸೀಮೆಯ ಊಟದಲ್ಲಿ ಇದನ್ನು ಗ್ರಂಥದ ಹೆಸರಿಲ್ಲದೆಯೇ ಕಾಣಬಹುದು. ಬೇಸಿಗೆಯಲ್ಲಿ ಮಾವಿನ ಮಿಡಿಯ ಅಪ್ಪೆಹುಳಿ, ಮುರುಗಲು ಹಣ್ಣಿನ ಪಾನಕ ಮತ್ತು ಬಗೆಬಗೆಯ ತಂಬುಳಿಗಳು ಬಂದರೆ, ಎಡೆಬಿಡದೆ ಮಳೆ ಸುರಿಯುವ ತಿಂಗಳುಗಳಲ್ಲಿ ಮೆಣಸು, ಶುಂಠಿ ಹೆಚ್ಚಿರುವ ಬಿಸಿ ಸಾರು, ಕಷಾಯಗಳು ಮುಂದಕ್ಕೆ ಬರುತ್ತವೆ. ತಂಬುಳಿಯನ್ನು ಮಾಡುವ ರೀತಿಯಲ್ಲಿಯೇ ಈ ವಿವೇಕ ಅಡಗಿದೆ. ಗದ್ದೆಯಂಚಿನ ತೇವದಲ್ಲಿ ಹಬ್ಬುವ ಒಂದೆಲಗದ ಹಿಡಿಯಷ್ಟು ಎಲೆಯನ್ನು ಜೀರಿಗೆ ಮತ್ತು ನಾಲ್ಕೈದು ಕಾಳು ಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ನುಣ್ಣಗೆ ಬೀಸಿ, ಮಜ್ಜಿಗೆಯಲ್ಲಿ ಕಲಸಿ, ಮೇಲೊಂದು ಒಗ್ಗರಣೆ ಕೊಟ್ಟರೆ ಅದು ಅನ್ನದ ಜೊತೆ ಉಣ್ಣುವ ಪದಾರ್ಥವಾಗುತ್ತದೆ. ಮೆಣಸಿನ ಉಷ್ಣವನ್ನು ಮಜ್ಜಿಗೆ ಮತ್ತು ತೆಂಗಿನಕಾಯಿ ಸರಿದೂಗಿಸುತ್ತವೆ. ಸೊಪ್ಪು ಔಷಧದ ಪ್ರಮಾಣದಲ್ಲಿ ಅಲ್ಲ, ಆಹಾರದ ಪ್ರಮಾಣದಲ್ಲಿ ಹೊಟ್ಟೆ ಸೇರುತ್ತದೆ. ದೊಡ್ಡಪತ್ರೆ, ನೆಲ್ಲಿ, ದಾಳಿಂಬೆ ಸಿಪ್ಪೆ, ಕೊಡಸದ ಹೂವು ಹೀಗೆ ತಂಬುಳಿಗೆ ಒದಗುವ ವಸ್ತುಗಳ ಪಟ್ಟಿ ಉದ್ದವಾಗಿದೆ. ಯಲ್ಲಾಪುರದ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ, ಗೌಳಿ, ಕುಣಬಿ ಸಮುದಾಯಗಳಿಗೂ ಗೆಡ್ಡೆ, ಸೊಪ್ಪು, ಹಣ್ಣುಗಳ ತಮ್ಮದೇ ತಿಳಿವಳಿಕೆಯಿದ್ದು, ಹಳ್ಳಿಮದ್ದಿನ ಜ್ಞಾನ ಯಾವುದೇ ಒಂದು ಜಾತಿಯ ಸ್ವತ್ತಾಗಿ ಉಳಿದಿಲ್ಲ.

ಮನೆಯಲ್ಲಿ ಕುಡಿಯುವ ಕಷಾಯಕ್ಕೂ ವೈದ್ಯರು ಕೊಡುವ ಕಷಾಯಕ್ಕೂ ವ್ಯತ್ಯಾಸವಿದೆ. ಶಾರ್ಙ್ಗಧರ ಸಂಹಿತೆಯ ಸಾಮಾನ್ಯ ನಿಯಮದಂತೆ ಔಷಧದ ಕಷಾಯವೆಂದರೆ ಒಂದು ಪಾಲು ಜಜ್ಜಿದ ದ್ರವ್ಯಕ್ಕೆ 16 ಪಾಲು ನೀರು ಹಾಕಿ, ಎಂಟನೆಯ ಒಂದು ಭಾಗಕ್ಕೆ ಬತ್ತುವ ತನಕ ಮಂದ ಉರಿಯಲ್ಲಿ ಕುದಿಸಿದ್ದು. ಅಷ್ಟು ಸಾಂದ್ರವಾದದ್ದನ್ನು ರೋಗ, ಪ್ರಕೃತಿ, ಕಾಲ ನೋಡಿಯೇ ಕೊಡಬೇಕಾಗುತ್ತದೆ. ಭಾರತದಲ್ಲಿ ಲಾಕ್‌ಡೌನ್ ಆರಂಭವಾದದ್ದು 2020ರ ಮಾರ್ಚ್ 25ರಂದು, ಅಂದರೆ ಬೇಸಿಗೆಯ ಬಾಗಿಲಲ್ಲಿ. ಗ್ರೀಷ್ಮದಲ್ಲಿ ಖಾರ, ಹುಳಿ, ಉಪ್ಪುಗಳನ್ನು ಕಡಿಮೆ ಮಾಡಿ ಸಿಹಿಯೂ ಹಗುರವೂ ತಂಪೂ ಆದ ಆಹಾರವನ್ನು ಸೇವಿಸಬೇಕೆಂದು ಅಷ್ಟಾಂಗ ಹೃದಯದ ಋತುಚರ್ಯಾ ಅಧ್ಯಾಯ ವಿಧಿಸುತ್ತದೆ. ಸರಿಯಾಗಿ ಅದೇ ತಿಂಗಳುಗಳಲ್ಲಿ ಶುಂಠಿ, ಮೆಣಸು, ದಾಲ್ಚಿನ್ನಿಗಳ ಗಟ್ಟಿ ಕಷಾಯವನ್ನು ದಿನಕ್ಕೆ ಮೂರು ನಾಲ್ಕು ಬಾರಿ ಕುಡಿದವರಿಗೆ ಎದೆಯುರಿ, ಹೊಟ್ಟೆಯುರಿ, ಬಾಯಿಹುಣ್ಣು ಕಾಣಿಸಿಕೊಂಡರೆ ಅದು ಶಾಸ್ತ್ರದ ದೋಷವಾಗಲಾರದು; ಶಾಸ್ತ್ರವನ್ನು ಮೀರಿದ್ದರ ಫಲ ಅದು.

ಅಮೃತಬಳ್ಳಿ ಕಲಿಸಿದ ಪಾಠ

ಸಾಂಕ್ರಾಮಿಕದ ಕಾಲದಲ್ಲಿ ಅತಿ ಹೆಚ್ಚು ಹೆಸರು ಮಾಡಿದ ಮೂಲಿಕೆ ಅಮೃತಬಳ್ಳಿ. ಹಳೆಯ ಮರಗಳಿಗೂ ಬೇಲಿಗಳಿಗೂ ಹಬ್ಬುವ ಈ ಬಳ್ಳಿಯ ಕಾಂಡವನ್ನು ಆಯುರ್ವೇದವು ಗುಡೂಚಿ ಎಂಬ ಹೆಸರಿನಲ್ಲಿ ಜ್ವರಕ್ಕೂ ರಸಾಯನ ಚಿಕಿತ್ಸೆಗೂ, ಅಂದರೆ ಧಾತುಗಳನ್ನು ಪುಷ್ಟಿಗೊಳಿಸುವ ಚಿಕಿತ್ಸೆಗೂ ಬಳಸುತ್ತ ಬಂದಿದೆ. ಆದರೆ ಇದನ್ನು ತಿಂಗಳುಗಟ್ಟಲೆ ತಾವಾಗಿಯೇ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬೈನ ವೈದ್ಯರು ಗುರುತಿಸಿ, ಅಂಥ ಆರು ರೋಗಿಗಳ ವಿವರವನ್ನು 2021ರಲ್ಲಿ ಪ್ರಕಟಿಸಿದರು. ಮುಂದೆ ದೇಶದ ಹಲವು ಆಸ್ಪತ್ರೆಗಳನ್ನು ಒಳಗೊಂಡ ಅಧ್ಯಯನವೊಂದು ಇಂಥ 43 ಪ್ರಕರಣಗಳನ್ನು ದಾಖಲಿಸಿತು. ಬಾಧಿತರಲ್ಲಿ ಅನೇಕರಿಗೆ ಸ್ವಯಂ ನಿರೋಧಕ ರೋಗದ, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿ ಬೀಳುವ ಸ್ಥಿತಿಯ ಲಕ್ಷಣಗಳಿದ್ದವು. ಮೊದಲ ವರದಿಗೆ ಆಯುಷ್ ಸಚಿವಾಲಯವು ಆಕ್ಷೇಪವೆತ್ತಿ, ರೋಗಿಗಳು ಸೇವಿಸಿದ ಬಳ್ಳಿಯನ್ನು ಸರಿಯಾಗಿ ಗುರುತಿಸಿಲ್ಲವೆಂದೂ ಅದು ಅದೇ ಕುಲದ ಬೇರೊಂದು ಪ್ರಭೇದವಾಗಿರಬಹುದೆಂದೂ ವಾದಿಸಿತು. ಬಳ್ಳಿ ಅದೇ ಆಗಿದ್ದರೂ ಬೇರೆಯದೇ ಆಗಿದ್ದರೂ ಸಾಮಾನ್ಯ ಓದುಗನಿಗೆ ಸಿಗುವ ಎಚ್ಚರಿಕೆ ಒಂದೇ: ಗುರುತು, ಪ್ರಮಾಣ, ಅವಧಿ ಇವು ಮೂರೂ ತಿಳಿಯದೆ ಬೇಲಿಯ ಬಳ್ಳಿಯನ್ನು ದಿನಚರಿಯಾಗಿಸಿಕೊಳ್ಳುವುದು ಅಪಾಯ.

ಇದೇ ಮಾತು ಅಡುಗೆಮನೆಯ ಇತರ ವಸ್ತುಗಳಿಗೂ ಬೇರೆ ಬೇರೆ ಮಟ್ಟದಲ್ಲಿ ಅನ್ವಯಿಸುತ್ತದೆ. ಕಾಳುಮೆಣಸಿನಲ್ಲಿರುವ ಪೈಪರೀನ್ ಎಂಬ ಅಂಶವು ಅರಿಶಿನದ ಕರ್ಕ್ಯುಮಿನ್ ದೇಹಕ್ಕೆ ಹೀರಿಕೆಯಾಗಲು ನೆರವಾಗುವಂತೆಯೇ ಅಪಸ್ಮಾರದ ಫೆನಿಟಾಯಿನ್‌ನಂಥ ಔಷಧಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಚ್ಯವನಪ್ರಾಶದಲ್ಲಿ ಸಕ್ಕರೆಯ ಪಾಲು ದೊಡ್ಡದಾದ್ದರಿಂದ ಮಧುಮೇಹಿಗಳು ಸಕ್ಕರೆರಹಿತವಾದದ್ದನ್ನು ಬಳಸಬೇಕೆಂದು ಸಚಿವಾಲಯದ ಸಲಹೆಯೇ ಸೂಚಿಸಿತ್ತು.

ಪರೀಕ್ಷೆಗೆ ಒಡ್ಡಿದ ಔಷಧ

ಆಯುರ್ವೇದದ ಔಷಧಗಳನ್ನು ಪರೀಕ್ಷೆಗೆ ಒಳಪಡಿಸುವ ಪ್ರಯತ್ನವೂ ಈ ಕಾಲದಲ್ಲಿ ನಡೆಯಿತು. ಮಲೇರಿಯಾಕ್ಕಾಗಿ ಕೇಂದ್ರೀಯ ಆಯುರ್ವೇದ ಸಂಶೋಧನಾ ಪರಿಷತ್ತು 1980ರ ಸುಮಾರಿಗೆ ರೂಪಿಸಿದ್ದ ಆಯುಷ್-64 ಎಂಬ ಮಾತ್ರೆಯನ್ನು 2021ರಲ್ಲಿ ಲಕ್ಷಣರಹಿತ, ಸೌಮ್ಯ ಮತ್ತು ಮಧ್ಯಮ ಸ್ವರೂಪದ ಕೋವಿಡ್ ರೋಗಿಗಳಿಗೆ ಶಿಫಾರಸು ಮಾಡಲಾಯಿತು. ಸಪ್ತಪರ್ಣ, ಕಟುಕಿ, ಕಿರಾತತಿಕ್ತ ಮತ್ತು ಕುಬೇರಾಕ್ಷ ಅದರ ನಾಲ್ಕು ಘಟಕಗಳು. ಇವುಗಳಲ್ಲಿ ಸಪ್ತಪರ್ಣವೆಂದರೆ ಪಶ್ಚಿಮ ಘಟ್ಟದ ಹಾಲೆ ಮರ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯಂದು ನಸುಕಿನಲ್ಲಿ ತೊಗಟೆ ತಂದು ಕಷಾಯ ಮಾಡಿ ಕುಡಿಯುವುದು ಇದೇ ಮರದ್ದು. ರೂಢಿಯ ಚಿಕಿತ್ಸೆಯೊಂದಿಗೆ ಈ ಮಾತ್ರೆಯನ್ನೂ ಪಡೆದವರು ಬೇಗ ಚೇತರಿಸಿಕೊಂಡರೆಂದು ಕೆಲವು ಅಧ್ಯಯನಗಳು ಹೇಳಿವೆ. ಆದರೆ ಅವು ಸಣ್ಣ ಪ್ರಮಾಣದವಾಗಿದ್ದವು. ಯಾರಿಗೆ ಯಾವ ಔಷಧ ಸಿಗುತ್ತಿದೆ ಎಂಬುದು ರೋಗಿಗೂ ವೈದ್ಯನಿಗೂ ತಿಳಿದಿದ್ದ ಪರೀಕ್ಷೆಗಳಲ್ಲಿ ಚೇತರಿಕೆಯ ಎಷ್ಟು ಪಾಲು ಔಷಧದ್ದು, ಎಷ್ಟು ಪಾಲು ನಂಬಿಕೆಯದ್ದು ಎಂದು ಬೇರ್ಪಡಿಸುವುದು ಕಷ್ಟ. ಸೌಮ್ಯ ಕೋವಿಡ್ಡಿನಿಂದ ಬಹುಪಾಲು ಜನ ತಾವಾಗಿಯೇ ಗುಣಮುಖರಾಗುತ್ತಿದ್ದುದರಿಂದ, ಕಷಾಯ ಕುಡಿದೆ, ಗುಣವಾಯಿತು ಎಂಬ ಅನುಭವವೂ ಪುರಾವೆಯಾಗುವುದಿಲ್ಲ.

ಬೆಟ್ಟದಿಂದ ಬರುವ ಜ್ವರ

ಸಿದ್ದಾಪುರಕ್ಕೆ ಕೋವಿಡ್ ಮೊದಲ ಪಾಠವಾಗಿರಲಿಲ್ಲ. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯುತ್ತಿದ್ದುದರ ಜಾಡು ಹಿಡಿದು ಪತ್ತೆಯಾದ ವೈರಸ್ ಜ್ವರವು ಮಂಗನ ಕಾಯಿಲೆ ಎಂದೇ ಮಲೆನಾಡಿನಲ್ಲಿ ಪರಿಚಿತ. ಕಾಡಿನ ಉಣುಗು ಕಚ್ಚುವುದರಿಂದ ಬರುವ ಈ ರೋಗದಲ್ಲಿ ದಿಢೀರನೆ ಏರುವ ಜ್ವರ, ಅಸಾಧ್ಯ ತಲೆನೋವು, ಮೈಕೈ ನೋವು, ಕೆಲವೊಮ್ಮೆ ಮೂಗು ಮತ್ತು ವಸಡಿನಿಂದ ರಕ್ತಸ್ರಾವ ಕಾಣಿಸಿಕೊಳ್ಳುತ್ತದೆ. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದರ ಹಾವಳಿ ಹೆಚ್ಚುವುದು ಡಿಸೆಂಬರಿನಿಂದ ಮೇ ತನಕ. ತೋಟಕ್ಕೂ ಕೊಟ್ಟಿಗೆಗೂ ಬೇಕಾದ ದರಕನ್ನು, ಅಂದರೆ ಒಣಗಿ ಉದುರಿದ ಎಲೆಗಳನ್ನು, ಸೊಪ್ಪಿನ ಬೆಟ್ಟಗಳಲ್ಲಿ ಗುಡಿಸಿ ತರುವ ಕಾಲವೂ ಅದೇ ಆದ್ದರಿಂದ ಕೂಲಿಕಾರರೂ ಸಣ್ಣ ರೈತರೂ ಹೆಚ್ಚಾಗಿ ಬಲಿಯಾಗುತ್ತಾರೆ. 2024ರ ಆರಂಭದಲ್ಲಿಯೂ ಉತ್ತರ ಕನ್ನಡದ ಪ್ರಕರಣಗಳಲ್ಲಿ ಹೆಚ್ಚಿನವು ಸಿದ್ದಾಪುರ ತಾಲೂಕಿನವು.

ಈ ವೈರಸ್ಸನ್ನು ಕೊಲ್ಲುವ ಔಷಧ ಯಾವ ಪದ್ಧತಿಯಲ್ಲಿಯೂ ಇಲ್ಲ. ಉಣುಗನ್ನು ದೂರವಿಡುವ ಡೆಪಾ ತೈಲವನ್ನು ಮೈಗೆ ಹಚ್ಚಿಕೊಂಡು ಬೆಟ್ಟಕ್ಕೆ ಹೋಗುವುದು, ಮೈತುಂಬ ಬಟ್ಟೆ ತೊಡುವುದು, ಮರಳಿದ ಕೂಡಲೇ ಬಿಸಿನೀರಿನಲ್ಲಿ ಮೈ ತೊಳೆಯುವುದು, ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸುವುದು, ಇವೇ ರಕ್ಷಣೆಯ ದಾರಿಗಳು. ಹಿಂದಿನ ಲಸಿಕೆಯ ಪರಿಣಾಮ ಕುಂದಿದ್ದರಿಂದ 2022ರಲ್ಲಿ ಅದರ ಬಳಕೆ ನಿಂತಿದ್ದು, ಹೊಸ ಲಸಿಕೆಯನ್ನು ಸಿದ್ಧಪಡಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಉಣುಗಿನಿಂದ ದೂರವಿರುವುದೇ ಮೊದಲ ಚಿಕಿತ್ಸೆ ಎಂಬ ಈ ಕ್ರಮ ಆಯುರ್ವೇದಕ್ಕೆ ಹೊರಗಿನದೇನಲ್ಲ. ರೋಗದ ಕಾರಣವನ್ನು ದೂರವಿಡುವ ನಿದಾನ ಪರಿವರ್ಜನಕ್ಕೆ ಆ ಶಾಸ್ತ್ರ ಕೊಡುವುದು ಮೊದಲ ಸ್ಥಾನವನ್ನೇ. ಸ್ಪರ್ಶ, ಉಸಿರು, ಸಹಭೋಜನ, ಒಂದೇ ಹಾಸಿಗೆ, ಇನ್ನೊಬ್ಬರ ಬಟ್ಟೆ ಇವುಗಳಿಂದ ಜ್ವರವೂ ಸೇರಿದಂತೆ ಕೆಲವು ರೋಗಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತವೆ ಎಂದು ಸುಶ್ರುತ ಸಂಹಿತೆ ಸ್ಪಷ್ಟವಾಗಿ ಹೇಳಿದೆ. ಮುಖಗವಸು, ಅಂತರಗಳನ್ನು ಕೈಬಿಟ್ಟು ಕಷಾಯವನ್ನೇ ನೆಚ್ಚಿದವರು ಆ ಮಾತನ್ನು ಓದಿದ್ದವರಲ್ಲ.

ಮೊದಲೇ ಆಗಬೇಕಾದ ಕೆಲಸ

ಒಂದು ಪ್ರದೇಶದ ಜನರೆಲ್ಲ ಪ್ರಕೃತಿಭೇದವಿಲ್ಲದೆ ಏಕಕಾಲಕ್ಕೆ ರೋಗಕ್ಕೆ ತುತ್ತಾಗುವುದನ್ನು ಚರಕ ಸಂಹಿತೆಯ ವಿಮಾನಸ್ಥಾನವು ಜನಪದೋದ್ಧ್ವಂಸ ಎಂಬ ಅಧ್ಯಾಯದಲ್ಲಿ ಚರ್ಚಿಸುತ್ತದೆ. ಗಾಳಿ, ನೀರು, ನೆಲ, ಕಾಲ ಇವು ಕೆಡುವುದೇ ಅದಕ್ಕೆ ಕಾರಣವೆಂದು ಹೇಳುವ ಆಚಾರ್ಯ ಪುನರ್ವಸು ಆತ್ರೇಯ, ನೆಲ ಸಾರಹೀನವಾಗುವ ಮುನ್ನವೇ ಔಷಧಗಳನ್ನು ಸಂಗ್ರಹಿಸಿಡುವಂತೆ ಶಿಷ್ಯನಿಗೆ ಸೂಚಿಸುತ್ತಾನೆ. ಶಿರಸಿ ಸೀಮೆಯಲ್ಲಿ ಈ ಸೂಚನೆಗೆ ಬಹಳ ನೇರವಾದ ಅನ್ವಯವಿದೆ. ಬ್ರಿಟಿಷರ ಕಾಲದಿಂದ ಅಡಿಕೆ ತೋಟಗಳಿಗೆ ಸೊಪ್ಪು, ದರಕಿಗಾಗಿ ಬಿಟ್ಟುಕೊಟ್ಟ ಬೆಟ್ಟಗಳು, ಎಕರೆ ತೋಟಕ್ಕೆ 9 ಎಕರೆಯವರೆಗೂ ಇರುವಂಥವು, ಅಳಲೆ, ತಾರೆ, ನೆಲ್ಲಿ, ಮುರುಗಲು, ಉಪ್ಪಾಗೆಗಳ ತವರು. ಮೂಲಿಕೆಗೆ ಬೇಡಿಕೆ ಏರಿದಾಗಲೆಲ್ಲ ಬೇರು, ತೊಗಟೆಗಳನ್ನು ಬೇಕಾಬಿಟ್ಟಿ ಕಿತ್ತರೆ ಮುಂದಿನ ಸಾಂಕ್ರಾಮಿಕಕ್ಕೆ ಉಳಿಯುವುದು ಹೆಸರುಗಳಷ್ಟೇ. ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಔಷಧಿ ಸಸ್ಯಗಳನ್ನು ಅವುಗಳ ಸ್ವಂತ ನೆಲೆಯಲ್ಲಿಯೇ ಕಾಪಾಡುವ ಪ್ರದೇಶವೊಂದನ್ನು ಗುರುತಿಸಿರುವುದು ಈ ದಿಕ್ಕಿನ ಕೆಲಸ.

ಹೀಗೆ ನೋಡಿದರೆ ತಂಬುಳಿ, ಕಷಾಯಗಳ ಕೆಲಸ ಸಾಂಕ್ರಾಮಿಕ ಬಾರದ ವರ್ಷಗಳದ್ದು. ಋತುವಿಗೆ ತಕ್ಕ ಊಟ, ಹದವಾದ ನಿದ್ರೆ, ಕೆಡದ ಜೀರ್ಣಶಕ್ತಿ ಇವು ವರ್ಷಗಟ್ಟಲೆ ಕಟ್ಟುವ ಬಲವೇ ಯುಕ್ತಿಕೃತ ಬಲ. ರೋಗ ಕಳೆದ ಮೇಲೆ ಬಾಯಿರುಚಿ ಕೆಟ್ಟು ಬಳಲಿದವರಿಗೆ ಗಂಜಿ, ಮೆಣಸಿನ ಸಾರುಗಳಂಥ ಪಥ್ಯ ಹಿತವಾದೀತು. ಆದರೆ ವೈರಸ್ಸನ್ನು ತಡೆಯುವುದಕ್ಕೆ ಲಸಿಕೆ, ಅಂತರ, ಸ್ವಚ್ಛತೆಗಳು ಬೇಕು. ಉಸಿರಾಟ ಏರುಪೇರಾದಾಗ ಆಮ್ಲಜನಕ ಬೇಕು. ದರಕು ಗುಡಿಸುವ ತಿಂಗಳಲ್ಲಿ ಸಿದ್ದಾಪುರದ ಮನೆಯೊಂದರಲ್ಲಿ ಯಾರಿಗಾದರೂ ಜ್ವರ ಬಂದರೆ, ಕಷಾಯದ ಪಾತ್ರೆ ಒಲೆಯ ಮೇಲಿದ್ದರೂ ಸರಿಯೇ, ರೋಗಿಯನ್ನು ಅದೇ ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಬೇಕು.