ಜೆಟ್ಟಿ ಸಿದ್ಧ, ದೋಣಿ ಎಲ್ಲಿ?

2021ರ ಫೆಬ್ರುವರಿ 15ರಂದು ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಕೊಚ್ಚಿ ವಾಟರ್ ಮೆಟ್ರೊದ ಮೊದಲ ಮಾರ್ಗವನ್ನು ಉದ್ಘಾಟಿಸಿದರು. ವೈಟ್ಟಿಲದಿಂದ ಕಾಕ್ಕನಾಡಿಗೆ ಹೋಗುವ ಜಲಮಾರ್ಗ ಅದು. ಎರಡೂ ಕಡೆ ಟರ್ಮಿನಲ್ ಕಟ್ಟಡ ಎದ್ದಿತ್ತು, ನಾಮಫಲಕ ಏರಿತ್ತು. ಜನ ಹತ್ತಬೇಕಾದ ದೋಣಿ ಮಾತ್ರ ಬಂದಿರಲಿಲ್ಲ.

ಮೊದಲ ದೋಣಿಯನ್ನು ಕೊಚ್ಚಿನ್ ಶಿಪ್‌ಯಾರ್ಡ್ ಕೊಚ್ಚಿ ಮೆಟ್ರೊ ಕಂಪನಿಗೆ ಒಪ್ಪಿಸಿದ್ದು ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ. 2023ರ ಏಪ್ರಿಲ್ 25ರಂದು ಪ್ರಧಾನಿ ನರೇಂದ್ರ ಮೋದಿ ಸೇವೆಗೆ ಚಾಲನೆ ಕೊಟ್ಟರು. ಮರುದಿನ ಹೈಕೋರ್ಟ್–ವೈಪಿನ್ ಜೆಟ್ಟಿಗಳ ನಡುವೆ, ಅದರ ಮರುದಿನ ವೈಟ್ಟಿಲ–ಕಾಕ್ಕನಾಡು ನಡುವೆ ಜನ ಓಡಾಡತೊಡಗಿದರು. ಮೊದಲ ಉದ್ಘಾಟನೆಯಿಂದ ಮೊದಲ ಟಿಕೆಟ್‌ವರೆಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು.

ಹೊಸ ಬಸ್ಸು, ಹೊಸ ರೈಲು, ಹೊಸ ದೋಣಿ ಬರುತ್ತದೆ ಎಂಬ ಸುದ್ದಿ ನಮ್ಮಲ್ಲಿ ವಾರಕ್ಕೊಂದು ಬರುತ್ತದೆ. ಎಷ್ಟು ಕೋಟಿ, ಎಷ್ಟು ಸಂಖ್ಯೆ ಎಂಬುದು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ಆದರೆ ಟೆಂಡರ್ ಕರೆದ ದಿನಕ್ಕೂ ಯಂತ್ರ ಕೆಲಸಕ್ಕೆ ಇಳಿಯುವ ದಿನಕ್ಕೂ ನಡುವಿನ ದಾರಿ ಬಹಳ ಉದ್ದ. ಆ ದಾರಿಯಲ್ಲಿ ಎಲ್ಲೆಲ್ಲಿ ತಡೆ ಬೀಳುತ್ತದೆ ಎಂಬುದನ್ನು ಕೊಚ್ಚಿ ಮತ್ತು ತಿರುವನಂತಪುರ ಚೆನ್ನಾಗಿ ತೋರಿಸಿಕೊಡುತ್ತವೆ.

ಒಡಲು ಊರಿನದು, ಬ್ಯಾಟರಿ ಹೊರಗಿನದು

ವಾಟರ್ ಮೆಟ್ರೊದ ಗುರಿ ದೊಡ್ಡದು. ಹತ್ತು ದ್ವೀಪಗಳು, 38 ಜೆಟ್ಟಿಗಳು, ಒಟ್ಟು 78 ದೋಣಿಗಳು. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ಸಾಲವೂ ಸೇರಿ ಯೋಜನೆಯ ಅಂದಾಜು ವೆಚ್ಚ ಸುಮಾರು 1,137 ಕೋಟಿ ರೂಪಾಯಿ. ತಲಾ ನೂರು ಜನ ಹಿಡಿಸುವ 23 ದೋಣಿಗಳನ್ನು ಮೊದಲು ಕಟ್ಟುವ ಕೆಲಸ ಕೊಚ್ಚಿನ್ ಶಿಪ್‌ಯಾರ್ಡಿನ ಪಾಲಿಗೆ ಬಂತು. ವಿಮಾನವಾಹಕ ನೌಕೆ ‘ವಿಕ್ರಾಂತ್’ ಕಟ್ಟಿ 2022ರಲ್ಲಿ ನೌಕಾಪಡೆಗೆ ಒಪ್ಪಿಸಿದ ಕಾರ್ಖಾನೆ ಅದು. ಅಂಥವರಿಗೆ ನೂರು ಜನರ ದೋಣಿಯೊಂದು ಯಾವ ಲೆಕ್ಕ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಉತ್ತರ ದೋಣಿಯ ಹೊಟ್ಟೆಯೊಳಗಿದೆ. ಅಲ್ಯೂಮಿನಿಯಂನ ಜೋಡಿ ಒಡಲನ್ನು ಕೊಚ್ಚಿಯಲ್ಲೇ ಕಟ್ಟಬಹುದು. ದೋಣಿಯನ್ನು ಓಡಿಸುವುದು ವಿದ್ಯುತ್ ಮೋಟರು. ಅದಕ್ಕೆ ಶಕ್ತಿ ಕೊಡುವುದು ಲಿಥಿಯಂ ಟೈಟನೇಟ್ ಬ್ಯಾಟರಿ. ನಾವು ಫೋನಿನಲ್ಲಿ, ಸ್ಕೂಟರಿನಲ್ಲಿ ಕಾಣುವ ಲಿಥಿಯಂ ಬ್ಯಾಟರಿಗಿಂತ ಇದು ತೂಕದಲ್ಲಿ ಭಾರ, ಬೆಲೆಯಲ್ಲಿ ದುಬಾರಿ. ಆದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಚಾರ್ಜ್ ಆಗುತ್ತದೆ, ಬೆಂಕಿ ಹೊತ್ತುವ ಅಪಾಯ ಕಡಿಮೆ, ಸಾವಿರಾರು ಸಲ ಚಾರ್ಜ್ ಮಾಡಿದರೂ ಬಾಳುತ್ತದೆ. ದಿನವಿಡೀ ಹೋಗಿ ಬರುವ, ಜನ ಇಳಿದು ಹತ್ತುವ ಬಿಡುವಿನಲ್ಲೇ ಚಾರ್ಜ್ ತುಂಬಿಕೊಳ್ಳಬೇಕಾದ ದೋಣಿಗೆ ಇಂಥದ್ದೇ ಬೇಕು. ಈ ಬ್ಯಾಟರಿ ವ್ಯವಸ್ಥೆ ಬಂದದ್ದು ಸ್ವೀಡನ್ನಿನ ಎಕಾಂಡಿಯಾ ಕಂಪನಿಯಿಂದ. ಚಾರ್ಜ್ ಮುಗಿದರೆ ಆಪತ್ತಿಗೆಂದು ಡೀಸೆಲ್ ಜನರೇಟರೂ ಇದೆ.

ದೋಣಿಗಳ ಕೆಲಸ ನಡೆಯುತ್ತಿದ್ದ ವರ್ಷಗಳನ್ನು ನೆನಪಿಸಿಕೊಳ್ಳಿ. ಕೋವಿಡ್ ಲಾಕ್‌ಡೌನ್, ಜಗತ್ತಿನಾದ್ಯಂತ ಚಿಪ್ ಕೊರತೆ, ಕಂಟೇನರುಗಳ ಅಭಾವ, 2022ರ ಫೆಬ್ರುವರಿಯಿಂದ ಉಕ್ರೇನ್ ಯುದ್ಧ. ಹೊರದೇಶದ ಒಂದು ಭಾಗ ತಡವಾದರೂ ಇಡೀ ದೋಣಿ ಯಾರ್ಡಿನಲ್ಲೇ ನಿಲ್ಲುತ್ತದೆ. ಕಟ್ಟಿ ಮುಗಿದ ಮೇಲೂ ನೀರಿಗಿಳಿಸಿ ಪರೀಕ್ಷೆ ನಡೆಸಬೇಕು, ಸುರಕ್ಷತೆಯ ಪ್ರಮಾಣಪತ್ರ ಪಡೆಯಬೇಕು, ಹೊಸ ಬಗೆಯ ದೋಣಿ ನಡೆಸಲು ಸಿಬ್ಬಂದಿಯನ್ನು ತಯಾರು ಮಾಡಬೇಕು. ಇಷ್ಟೆಲ್ಲ ಆಗಿ ಸೇವೆ ಶುರುವಾಗಿದ್ದು ಎಂಟು ದೋಣಿಗಳೊಂದಿಗೆ.

ಮುಂದಿನ ಮಾರ್ಗಗಳು ಒಂದೊಂದಾಗಿ ತೆರೆದವು. ಸೌತ್ ಚಿಟ್ಟೂರು, ಏಲೂರು ಕಡೆಯ ಟರ್ಮಿನಲ್‌ಗಳು 2024ರ ಮಾರ್ಚಿನಲ್ಲಿ, ಪ್ರವಾಸಿಗರಿಂದ ಸದಾ ತುಂಬಿರುವ ಫೋರ್ಟ್ ಕೊಚ್ಚಿ ಅದೇ ವರ್ಷದ ಏಪ್ರಿಲ್‌ನಲ್ಲಿ. ಮಟ್ಟಾಂಚೇರಿಯ ಕಥೆ ಬೇರೆ. ಅಲ್ಲಿ ಜೆಟ್ಟಿಯ ಕೆಲಸವೇ ಎಳೆಯಿತು. ದೋಣಿ ಬಂದು ನಿಂತಿದ್ದು 2025ರ ಅಕ್ಟೋಬರಿನಲ್ಲಿ. ಒಂದು ಕಡೆ ಜೆಟ್ಟಿ ಇದ್ದು ದೋಣಿಯಿಲ್ಲ, ಇನ್ನೊಂದು ಕಡೆ ದೋಣಿ ಇದ್ದು ಜೆಟ್ಟಿಯಿಲ್ಲ. ಎರಡೂ ಒಂದೇ ಹೊತ್ತಿಗೆ ಸಿದ್ಧವಾಗುವಂತೆ ನೋಡಿಕೊಳ್ಳುವುದೇ ಇಂಥ ಯೋಜನೆಗಳ ಅತಿ ಕಷ್ಟದ ಭಾಗ.

ಇದೇ ಊರು ಅದನ್ನು ಸರಿಯಾಗಿ ಮಾಡಿಯೂ ತೋರಿಸಿತ್ತು. ಕೊಚ್ಚಿಯ ಮೆಟ್ರೊ ರೈಲು ಓಡಲಾರಂಭಿಸಿದ್ದು 2017ರ ಜೂನ್‌ನಲ್ಲಿ. ಆಂಧ್ರದ ಶ್ರೀಸಿಟಿಯಲ್ಲಿರುವ ಆಲ್‌ಸ್ಟಮ್ ಕಾರ್ಖಾನೆ ಮೊದಲ ರೈಲನ್ನು ಒಪ್ಪಿಸಿದ್ದು 2016ರ ಜನವರಿಯಲ್ಲೇ. ಪರೀಕ್ಷೆಗೆ, ತಿದ್ದುಪಡಿಗೆ, ಚಾಲಕರ ತರಬೇತಿಗೆ ಒಂದೂವರೆ ವರ್ಷ ಸಿಕ್ಕಿತು.

ಬೆಂಗಳೂರಿನ ಹಳದಿ ಮಾರ್ಗ

ಬೆಂಗಳೂರಿಗೆ ಆ ಅನುಕೂಲ ಸಿಗಲಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿಲೋಮೀಟರಿನ ಹಳದಿ ಮಾರ್ಗದಲ್ಲಿ ಹಳಿ, ನಿಲ್ದಾಣ ಎಲ್ಲವೂ ಮುಗಿಯುತ್ತ ಬಂದಿದ್ದರೂ ರೈಲಿಗಾಗಿ ಕಾಯಬೇಕಾಯಿತು. 216 ಬೋಗಿಗಳ ಗುತ್ತಿಗೆ 2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಹೋಗಿತ್ತು. ಭಾರತದಲ್ಲೇ ತಯಾರಿಸಬೇಕೆಂಬ ಷರತ್ತಿತ್ತು. ಮರುವರ್ಷ ಚೀನಾದ ಹೂಡಿಕೆಗೆ ಕೇಂದ್ರದ ಪೂರ್ವಾನುಮತಿ ಕಡ್ಡಾಯವಾಯಿತು. ಎರಡೂ ದೇಶಗಳ ಗಡಿ ಸಂಘರ್ಷದ ಬಳಿಕ ಚೀನಾದ ಎಂಜಿನಿಯರುಗಳಿಗೆ ವೀಸಾ ಸಿಗುವುದೂ ಕಷ್ಟವಾಯಿತು. ಕೊನೆಗೆ ಪಶ್ಚಿಮ ಬಂಗಾಳದ ಟಿಟಾಗಢ ಕಾರ್ಖಾನೆಯ ಜೊತೆ ಒಪ್ಪಂದವಾಗಿ, ಅಲ್ಲಿಂದ ಮೊದಲ ರೈಲು ಹೊರಟಿದ್ದು 2025ರ ಜನವರಿಯಲ್ಲಿ. 2025ರ ಆಗಸ್ಟ್ 10ರಂದು ಮಾರ್ಗ ತೆರೆದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಸಿಕ್ಕಿಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಇಷ್ಟು ವರ್ಷ ತಲೆಯ ಮೇಲಿನ ಖಾಲಿ ಹಳಿ ನೋಡುತ್ತಲೇ ಓಡಾಡಿದರು.

ಡಿಪೊದಲ್ಲಿ ಬಸ್ಸಿದೆ, ರಸ್ತೆಯಲ್ಲಿಲ್ಲ

ಯಂತ್ರ ಕೈಗೆ ಬಂದ ಮೇಲೆ ಇನ್ನೊಂದು ಕಷ್ಟ ಶುರುವಾಗುತ್ತದೆ. ಕೇಂದ್ರದ ನಗರ ನವೀಕರಣ ಯೋಜನೆಯಾದ ಜೆ-ನರ್ಮ್‌ಗೆ ಕೇರಳದಿಂದ ಆಯ್ಕೆಯಾದ ನಗರಗಳು ಎರಡೇ, ಕೊಚ್ಚಿ ಮತ್ತು ತಿರುವನಂತಪುರ. ಆ ಯೋಜನೆಯಡಿ ಎರಡೂ ಊರಿಗೆ ತಗ್ಗು ನೆಲದ ಬಸ್ಸುಗಳು ಬಂದವು. ಅವುಗಳಲ್ಲಿ ನಮ್ಮ ಹೊಸಕೋಟೆಯಲ್ಲಿ ಕಾರ್ಖಾನೆ ಇರುವ ವೋಲ್ವೊ ಕಂಪನಿಯ ಹವಾನಿಯಂತ್ರಿತ ಬಸ್ಸುಗಳೂ ಇದ್ದವು. ವೃದ್ಧರು, ಗರ್ಭಿಣಿಯರು, ಊರುಗೋಲು ಹಿಡಿದವರು ಯಾರ ಕೈ ಆಸರೆಯೂ ಇಲ್ಲದೆ ಹತ್ತಬಹುದಾದ ಬಸ್ಸುಗಳು ಅವು.

ಬಸ್ಸಿಗೆ ಕೇಂದ್ರದ ಹಣ ಬಂತು. ಬಿಡಿಭಾಗ, ಟೈರು, ರಿಪೇರಿಯ ಖರ್ಚು ಸಾರಿಗೆ ಸಂಸ್ಥೆಯ ತಲೆಯ ಮೇಲೆ ಬಿತ್ತು. ಸಂಬಳಕ್ಕೇ ಪರದಾಡುತ್ತಿದ್ದ ಕೇರಳದ ಕೆಎಸ್‌ಆರ್‌ಟಿಸಿಗೆ ದುಬಾರಿ ಬಸ್ಸುಗಳನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಭಾರವಾಯಿತು. ಕೊಚ್ಚಿಯ ತೇವರದ ಯಾರ್ಡಿನಲ್ಲಿ ಕೆಟ್ಟು ನಿಂತ ಬಸ್ಸುಗಳು ಮಳೆಗಾಳಿಗೆ ತುಕ್ಕು ಹಿಡಿದವು. 2022ರಲ್ಲಿ ವಿಷಯ ಕೇರಳ ಹೈಕೋರ್ಟಿನ ಮುಂದೆ ಬಂತು. ಅದೇ ವರ್ಷ ತಿರುವನಂತಪುರದ ಮಣಕ್ಕಾಡಿನ ಸರ್ಕಾರಿ ಶಾಲೆಯಲ್ಲಿ ಹಳೆಯ ತಗ್ಗು ನೆಲದ ಬಸ್ಸನ್ನು ಮಕ್ಕಳ ತರಗತಿಯಾಗಿ ಮಾರ್ಪಡಿಸಲಾಯಿತು. ಮಕ್ಕಳಿಗೆ ಅದು ಸಂತೋಷದ ಸಂಗತಿಯೇ. ಆದರೆ ನಗರದ ಪ್ರಯಾಣಿಕರು ಕಳೆದುಕೊಂಡ ಬಸ್ಸನ್ನು ಆ ಸಂತೋಷ ತುಂಬಿಕೊಡಲಾರದು.

ತಿರುವನಂತಪುರದಲ್ಲಿ ಈಗ ವಿದ್ಯುತ್ ಬಸ್ಸುಗಳ ಕಾಲ. 2022ರ ಆಗಸ್ಟಿನಲ್ಲಿ ಸಿಟಿ ಸರ್ಕ್ಯುಲರ್ ಮಾರ್ಗಗಳಿಗೆ ಮೊದಲ ತಂಡ ಇಳಿಯಿತು. ಸ್ಮಾರ್ಟ್ ಸಿಟಿ ಹಣದಿಂದ ಇನ್ನೂ 113 ಬಸ್ಸು ಕೊಳ್ಳಲಾಯಿತು. 2024ರ ಆರಂಭದಲ್ಲಿ ಹೊಸ ಸಾರಿಗೆ ಸಚಿವ ಕೆ.ಬಿ. ಗಣೇಶ್ ಕುಮಾರ್ ಈ ಬಸ್ಸುಗಳಿಂದ ಲಾಭವಿಲ್ಲ, ಇನ್ನು ಕೊಳ್ಳುವುದಿಲ್ಲ ಎಂದಾಗ ಅವರದೇ ಆಡಳಿತ ರಂಗದೊಳಗೆ ವಿರೋಧ ಎದ್ದಿತು. ಬಸ್ಸನ್ನು ಲಾಭದಿಂದ ಅಳೆಯಬೇಕೋ ಜನರ ಅನುಕೂಲದಿಂದಲೋ ಎಂಬ ವಾದ ಮುಂದುವರಿಯಲಿ. ತೇವರದ ಯಾರ್ಡಿನ ಸ್ಥಿತಿ ಹೊಸ ಬಸ್ಸುಗಳಿಗೆ ಬರಬಾರದು.

ವಾಪಸ್ ಕರೆಸಿಕೊಂಡಾಗ

ಯಂತ್ರ ಕೈಗೆ ಬಂದರೂ ಓಡದೆ ನಿಲ್ಲಬಹುದು ಎಂಬ ಮಾತು ಮನೆಯ ಮುಂದಿನ ವಾಹನಕ್ಕೂ ಸಲ್ಲುತ್ತದೆ. ದೋಷವಿದೆ ಎಂದು ಕಂಪನಿ ವಾಪಸ್ ಕರೆಸಿಕೊಂಡರೆ ಹೊಸ ವಾಹನವೂ ನಿಂತಲ್ಲೇ ನಿಲ್ಲುತ್ತದೆ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್ ದೋಷಕ್ಕಾಗಿ 2,36,966 ಬೈಕುಗಳನ್ನು ಕರೆಸಿತು. ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದ 2022ರ ಏಪ್ರಿಲ್‌ನಲ್ಲಿ ಒಕಿನಾವಾ 3,215, ಓಲಾ 1,441 ಸ್ಕೂಟರುಗಳನ್ನು ಕರೆಸಿದವು. 2023ರ ಜನವರಿಯಲ್ಲಿ ಮಾರುತಿ ಏರ್‌ಬ್ಯಾಗ್ ನಿಯಂತ್ರಕದ ದೋಷಕ್ಕಾಗಿ 17,362 ಕಾರುಗಳನ್ನು ಕರೆಸಿ, ಭಾಗ ಬದಲಾಗುವವರೆಗೆ ಕಾರು ಓಡಿಸಬೇಡಿ ಎಂದು ಗ್ರಾಹಕರಿಗೆ ಹೇಳಿತು.

2012ರಿಂದ ಹೀಗೆ ವಾಪಸ್ ಕರೆಸುವುದು ತಯಾರಕರು ಸ್ವಇಚ್ಛೆಯಿಂದ ಪಾಲಿಸುವ ನಿಯಮವಾಗಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಕರೆಸುವಂತೆ ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೇ ಕೊಟ್ಟಿತು. 2021ರ ಏಪ್ರಿಲ್ 1ರಿಂದ ನಿಯಮಗಳು ಜಾರಿಯಲ್ಲಿವೆ. ಸರ್ಕಾರ ಆದೇಶಿಸಿ ಕರೆಸಬೇಕಾಗಿ ಬಂದರೆ ಕಂಪನಿಗೆ ಒಂದು ಕೋಟಿ ರೂಪಾಯಿವರೆಗೂ ದಂಡ ಬೀಳಬಹುದು. ವಾಹನದ ದೋಷದ ಬಗ್ಗೆ ಮಾಲೀಕರು ‘ವಾಹನ್’ ಜಾಲತಾಣದಲ್ಲಿ ನೇರವಾಗಿ ದೂರು ದಾಖಲಿಸಬಹುದು. ದೂರುಗಳ ಸಂಖ್ಯೆ ನಿಗದಿತ ಮಟ್ಟ ದಾಟಿದಾಗ ತನಿಖೆ ನಡೆಯುತ್ತದೆ. ಹಾಗಾಗಿ ನೀವು ಬರೆದ ಒಂದು ದೂರಿಗೂ ತೂಕವಿದೆ.

ಹೊಸ ವಾಹನ ಸಿಗುವುದೇ ತಡವಾಗುವ ಸಂದರ್ಭಗಳೂ ನಿಂತಿಲ್ಲ. 2025ರ ಏಪ್ರಿಲ್‌ನಲ್ಲಿ ಚೀನಾ ವಿರಳ ಭೂಲೋಹಗಳ ಅಯಸ್ಕಾಂತದ ರಫ್ತಿಗೆ ಕಡಿವಾಣ ಹಾಕಿದಾಗ ಭಾರತದ ವಿದ್ಯುತ್ ಸ್ಕೂಟರ್ ತಯಾರಕರಿಗೆ ಪೆಟ್ಟು ಬಿತ್ತು. ಬಜಾಜ್ ಉತ್ಪಾದನೆ ನಿಲ್ಲುವ ಎಚ್ಚರಿಕೆ ಕೊಟ್ಟಿತು. ಬುಕಿಂಗ್ ಮಾಡುವವರು ವಿತರಣೆಯ ದಿನಾಂಕವನ್ನೂ, ತಪ್ಪಿದರೆ ಮುಂಗಡ ಮರಳಿಸುವ ಷರತ್ತನ್ನೂ ರಸೀದಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಹಳೆಯ ವಾಹನ ಕೊಳ್ಳುವವರು ಷಾಸಿ ನಂಬರು ಹಿಡಿದು ಕಂಪನಿಯ ಜಾಲತಾಣದಲ್ಲಿ ನೋಡಿದರೆ ಅದು ವಾಪಸ್ ಕರೆಸಿದ ಪಟ್ಟಿಯಲ್ಲಿದೆಯೇ ಎಂದು ತಿಳಿಯುತ್ತದೆ. ಮಾತು ತಪ್ಪಿದವರ ವಿರುದ್ಧ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ವಿದ್ಯುತ್ ಬಸ್ಸುಗಳು ಹಂಚಿಕೆಯಾಗಿವೆ. ದೇಶದ ಬೇರೆ ಯಾವ ನಗರಕ್ಕೂ ಇಷ್ಟು ಸಿಕ್ಕಿಲ್ಲ. ಆ ಸಂಖ್ಯೆ ಕೇಳಿ ಖುಷಿಪಡೋಣ. ಜೊತೆಗೆ ನಮ್ಮ ಶಾಸಕರನ್ನು, ಸಾರಿಗೆ ಅಧಿಕಾರಿಗಳನ್ನು ಮೂರು ಪ್ರಶ್ನೆ ಕೇಳೋಣ. ಯಾವ ತಿಂಗಳು ಎಷ್ಟು ಬಸ್ಸು ಬರುತ್ತವೆ? ಬರುವ ಹೊತ್ತಿಗೆ ಡಿಪೊದಲ್ಲಿ ಚಾರ್ಜರುಗಳು ಇರುತ್ತವೆಯೇ? ಹತ್ತನೇ ವರ್ಷದಲ್ಲಿ ಅವುಗಳ ಬಿಡಿಭಾಗಕ್ಕೆ ಹಣ ಯಾರು ಕೊಡುತ್ತಾರೆ? ಉತ್ತರವನ್ನು ಗುತ್ತಿಗೆ ಪತ್ರದಲ್ಲೇ ಬರೆಸಬೇಕೆಂದು ಈಗಲೇ ಪಟ್ಟು ಹಿಡಿಯಬೇಕು. ಬಸ್ಸು ಬಂದು ಕೆಟ್ಟು ನಿಂತ ಮೇಲೆ ಕೇಳಿದರೆ ಪ್ರಯೋಜನವಿಲ್ಲ.