ಬ್ಯಾಟರಿ ಬದಲಿಸುವ ಮುನ್ನ ರೆಗ್ಯುಲೇಟರ್ ಪರೀಕ್ಷಿಸಿ

ಅಡಿಕೆ ಕೊಯ್ಲಿನ ದಿನಗಳಲ್ಲಿ ಮಾಡದಕೆರೆ ಹೋಬಳಿಯ ಬೆಳೆಗಾರರ ಜೀಪು, ಪಿಕಪ್ ವ್ಯಾನುಗಳಿಗೆ ಬಿಡುವಿರುವುದಿಲ್ಲ. ಆ ಸಮಯದಲ್ಲೇ ಗಾಡಿ ಸ್ಟಾರ್ಟ್ ಆಗದಿದ್ದರೆ ಭೀಮಸಮುದ್ರಕ್ಕೆ ಹೊರಟ ಅಡಿಕೆ ಚೀಲಗಳು ಅಂಗಳದಲ್ಲೇ ಉಳಿಯುತ್ತವೆ. ನಾವು ಮೊದಲು ದೂರುವುದು ಬ್ಯಾಟರಿಯನ್ನು. ಆದರೆ ದೋಷ ವೋಲ್ಟೇಜ್ ರೆಗ್ಯುಲೇಟರಿನಲ್ಲಿದ್ದರೆ, ಸಾವಿರಾರು ರೂಪಾಯಿ ತೆತ್ತು ತಂದ ಹೊಸ ಬ್ಯಾಟರಿಯೂ ಬೇಗನೆ ಹಾಳಾದೀತು.

ಎಂಜಿನ್ ತಿರುಗುವಾಗ ಆಲ್ಟರ್ನೇಟರ್ ವಿದ್ಯುತ್ ಉತ್ಪಾದಿಸಿ ಬ್ಯಾಟರಿಗೆ ತುಂಬುತ್ತದೆ. ವೇಗ ಹೆಚ್ಚಿದರೂ ವೋಲ್ಟೇಜ್ ಮಿತಿಮೀರದಂತೆ ರೋಟರಿನ ಸುರುಳಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವುದೇ ರೆಗ್ಯುಲೇಟರಿನ ಕೆಲಸ. ಕೆರೆಗೆ ತೂಬು ಹೇಗೋ ಹಾಗೆ.

ಪರೀಕ್ಷೆಗೆ ಒಂದು ಸಾಮಾನ್ಯ ಮಲ್ಟಿಮೀಟರ್ ಸಾಕು. ಅದನ್ನು ಡಿ.ಸಿ. 20 ವೋಲ್ಟಿಗೆ ಇಟ್ಟು, ಕೆಂಪು ತಂತಿಯನ್ನು ಬ್ಯಾಟರಿಯ ಪ್ಲಸ್‌ಗೂ ಕಪ್ಪನ್ನು ಮೈನಸ್‌ಗೂ ಹಿಡಿಯಿರಿ. ಕೆಳಗಿನ ಅಂಕಿಗಳು 12 ವೋಲ್ಟಿನ ಗಾಡಿಗಳಿಗೆ ಅನ್ವಯಿಸುತ್ತವೆ.

1. ಗಾಡಿ ಕೆಲವು ಗಂಟೆ ನಿಂತಿದ್ದ ಮೇಲೆ ನೋಡಿ. ಚೆನ್ನಾಗಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕಡಿಮೆಯಿದ್ದರೆ ಮೊದಲು ಚಾರ್ಜ್ ಮಾಡಿಸಿ.

2. ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿಸಿ. 13.8ರಿಂದ 14.5ರೊಳಗೆ ನಿಂತರೆ ಸರಿ.

3. ಹೆಡ್‌ಲೈಟ್ ಹಾಕಿ ನೋಡಿ. ಸ್ವಲ್ಪ ಇಳಿಯಬಹುದು, ಆದರೆ 13ಕ್ಕಿಂತ ಕೆಳಗೆ ಹೋಗಬಾರದು.

ವೇಗ ಹೆಚ್ಚಿಸಿದಂತೆಲ್ಲ ವೋಲ್ಟೇಜ್ ಏರುತ್ತಾ 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿರುವ ಸಂಭವ ಹೆಚ್ಚು. ಪದೇಪದೇ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗುವುದು, ಬಲ್ಬುಗಳು ಬೇಗ ಸುಡುವುದು ಇದರ ಲಕ್ಷಣ. ವೋಲ್ಟೇಜ್ ಏರದೇ ಇದ್ದರೆ ಮಾತ್ರ ಕೂಡಲೇ ರೆಗ್ಯುಲೇಟರನ್ನು ದೂರಬೇಡಿ. ಬೆಲ್ಟ್ ಸಡಿಲವಾಗಿರಬಹುದು, ಟರ್ಮಿನಲ್ ಹಾಗೂ ಅರ್ತ್ ತಂತಿಗೆ ಕಿಲುಬು ಹಿಡಿದಿರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು. ಇವನ್ನು ಮೊದಲು ಸರಿಪಡಿಸಿಕೊಂಡು ಮತ್ತೆ ಅಳೆಯಿರಿ. ಇತ್ತೀಚಿನ ಕೆಲವು ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಏರಿಳಿಸುವುದರಿಂದ, ಅವುಗಳ ಕೈಪಿಡಿಯನ್ನು ನೋಡಿಯೇ ತೀರ್ಮಾನಿಸಬೇಕು.

ಡೈನಮೋ ಕಾಲದ ಒಂದು ರೂಢಿಯನ್ನು ಬಿಡತಕ್ಕದ್ದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚಿ ನೋಡಬಾರದು; ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಡಯೋಡು, ರೆಗ್ಯುಲೇಟರುಗಳು ಸುಟ್ಟುಹೋದಾವು. ಹೆಗಲ ಟವೆಲ್, ಪಂಚೆಯ ಅಂಚು ಬೆಲ್ಟಿಗೆ ಸಿಕ್ಕದಿರಲಿ. ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಅನಿಲ ಸಿಡಿಯುವಂಥದ್ದು. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ಅಳೆದ ಮೂರೂ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಆಟೋ ಎಲೆಕ್ಟ್ರಿಷಿಯನ್ ಬಳಿಗೆ ಹೋಗಿರಿ. ಅನೇಕ ಆಲ್ಟರ್ನೇಟರುಗಳಲ್ಲಿ ರೆಗ್ಯುಲೇಟರನ್ನು ಮಾತ್ರ ಬದಲಿಸಬಹುದು. ಇಡೀ ಆಲ್ಟರ್ನೇಟರ್ ಕೊಳ್ಳುವ ಮುಂಚೆ ಅದನ್ನು ಕೇಳಿ ತಿಳಿಯಿರಿ.