ಗಾಲ್ಫ್ ಆಡಿದ್ರೆ ದುಡ್ಡು ಯಾರು ಕೊಡ್ತಾರೆ? ಏಷ್ಯನ್ ಟೂರ್‌ನ ಒಂದು ಸೀಸನ್ ಲೆಕ್ಕ

ಮೈಸೂರು: ‘ರೇಸ್‌ಕೋರ್ಸ್ ಒಳಗೆ ಕೋಲು ಬೀಸ್ಕೊಂಡು ಓಡಾಡ್ತಾರಲ್ಲ, ಅವರಿಗೆ ದುಡ್ಡು ಯಾರು ಕೊಡ್ತಾರೆ ಸಾರ್?’ ಅಗ್ರಹಾರ ಸರ್ಕಲ್ ಹತ್ತಿರ ಟೀ ಕುಡಿಯುವಾಗ ಅಂಗಡಿಯವರೊಬ್ಬರು ಕೇಳಿದ ಪ್ರಶ್ನೆ ಇದು. ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ರೇಸ್‌ಕೋರ್ಸ್ ಆವರಣದಲ್ಲಿರುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇಲ್ಲಿಂದ ಗಾಡಿಯಲ್ಲಿ ಹತ್ತು ನಿಮಿಷದ ದಾರಿ. ಆದರೂ ಒಳಗೆ ಏನು ನಡೆಯುತ್ತೆ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಮಾತ್ರ ಒಂದೇ ಮಾತಿನಲ್ಲಿ ಮುಗಿಯೋದಿಲ್ಲ.

ಮೊದಲು ಆಟ. ಗಾಲ್ಫ್‌ನಲ್ಲಿ ರನ್ ಜಾಸ್ತಿ ಆದವನು ಗೆಲ್ಲೋದಲ್ಲ, ಹೊಡೆತ ಕಮ್ಮಿ ಆದವನು ಗೆಲ್ಲೋದು. 18 ಗುಂಡಿ ಮುಗಿಸೋದಕ್ಕೆ ಇಷ್ಟು ಹೊಡೆತ ಸಾಕು ಅಂತ ಮೈದಾನಕ್ಕೊಂದು ಲೆಕ್ಕ ಇರುತ್ತೆ, ಸಾಮಾನ್ಯವಾಗಿ 70ರಿಂದ 72. ಅದೇ ಪಾರ್. ಅದಕ್ಕಿಂತ ಎಷ್ಟು ಕಮ್ಮಿಯೋ ಅಷ್ಟು ‘ಅಂಡರ್’. ಟೂರ್ನಿ ಗುರುವಾರದಿಂದ ಭಾನುವಾರ, ನಾಲ್ಕು ದಿನ. ಏಷ್ಯನ್ ಟೂರ್ ಟೂರ್ನಿಗೆ ಸಾಮಾನ್ಯವಾಗಿ 140ಕ್ಕೂ ಹೆಚ್ಚು ಆಟಗಾರರು ಬರ್ತಾರೆ. ಎರಡು ದಿನ ಮುಗಿದ ಮೇಲೆ ಮೇಲಿನ 65 ಜನ ಮತ್ತು ಅವರ ಸಮಕ್ಕೆ ಇರುವವರು ಉಳೀತಾರೆ. ಮಿಕ್ಕವರು ಶುಕ್ರವಾರ ಸಂಜೆಯೇ ಮನೆಗೆ. ಇದಕ್ಕೆ ‘ಕಟ್’ ಅಂತಾರೆ.

ಕಟ್ ತಪ್ಪಿದವನಿಗೆ ಬಹುಮಾನದ ಹಣದಲ್ಲಿ ಒಂದು ರೂಪಾಯಿಯೂ ಇಲ್ಲ. ವಿಮಾನ, ಹೋಟೆಲ್, ಊಟ, ಬ್ಯಾಗ್ ಹೊರುವ ಕ್ಯಾಡಿಯ ಕೂಲಿ, ಎಲ್ಲಾ ಅವನ ಜೇಬಿಂದಲೇ. ಕ್ರಿಕೆಟಿಗನಿಗೆ ಇರುವ ಹಾಗೆ ಮಂಡಳಿ ಸಂಬಳ, ತಂಡದ ಒಪ್ಪಂದ ಯಾವುದೂ ಇಲ್ಲ. ವ್ಯಾಪಾರ ಆಗಲಿ ಬಿಡಲಿ, ಒಂದನೇ ತಾರೀಖಿಗೆ ಅಂಗಡಿ ಬಾಡಿಗೆ ಕಟ್ಟಲೇಬೇಕಲ್ಲ, ಹಾಗೇ ಇದು. ಪ್ರಾಯೋಜಕರು ಸಿಕ್ಕವರ ಕಥೆ ಬೇರೆ. ಎಲ್ಲರಿಗೂ ಸಿಗಲ್ಲ.

ಈಗ ಸೀಸನ್ ವಿಷಯ. ಏಷ್ಯನ್ ಟೂರ್ ಶುರುವಾಗಿದ್ದು 1995ರಲ್ಲಿ. ಜನವರಿಯಿಂದ ಡಿಸೆಂಬರ್‌ವರೆಗೆ ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್, ಭಾರತ, ಇಂಡೋನೇಷ್ಯಾ ಅಂತ ಊರೂರು ಸುತ್ತುತ್ತೆ. ಇದು ಹೇಗೆ ನಡೆಯುತ್ತೆ ಅಂತ ತಿಳಿಯಲು ನಮ್ಮವರಿಗೆ 2018ರ ಸೀಸನ್‌ಗಿಂತ ಒಳ್ಳೆ ಉದಾಹರಣೆ ಸಿಗಲಾರದು.

ಆ ವರ್ಷದ ಜನವರಿಯಲ್ಲಿ ಸಿಂಗಪುರ ಓಪನ್ ಗೆದ್ದವರು ಸ್ಪೇನ್‌ನ ಸೆರ್ಗಿಯೊ ಗಾರ್ಸಿಯಾ. ಫೆಬ್ರವರಿಯಲ್ಲಿ ಮಲೇಷ್ಯಾದ ಮೇಬ್ಯಾಂಕ್ ಚಾಂಪಿಯನ್‌ಶಿಪ್‌ನಲ್ಲಿ 21 ವರ್ಷದ ಶುಭಂಕರ್ ಶರ್ಮಾ ಕೊನೆಯ ದಿನ 62 ಹೊಡೆತದಲ್ಲಿ ಮುಗಿಸಿ ಗೆದ್ದುಬಿಟ್ಟರು. ಏಪ್ರಿಲ್‌ನಲ್ಲಿ ಜಪಾನ್‌ನಲ್ಲಿ ಗೆದ್ದವರು ಕೋಲ್ಕತ್ತಾದ ರಾಹಿಲ್ ಗಂಗ್ಜೀ. ಇವರದ್ದು ಸ್ವಲ್ಪ ನಿಂತು ನೋಡಬೇಕಾದ ಕಥೆ. ಅವರ ಮೊದಲ ಏಷ್ಯನ್ ಟೂರ್ ಗೆಲುವು 2004ರಲ್ಲಿ ಚೀನಾದಲ್ಲಿ, ಎರಡನೆಯದು 2018ರಲ್ಲಿ. ನಡುವೆ 14 ವರ್ಷ! ಅಷ್ಟೂ ವರ್ಷ ಬ್ಯಾಗ್ ಹೊತ್ತುಕೊಂಡು ಕಟ್ ಲೆಕ್ಕ ಹಾಕ್ತಾ ತಿರುಗಿದ್ದಾರೆ.

ಆಗಸ್ಟ್‌ನಲ್ಲಿ ಸೀಸನ್ ನಮ್ಮ ಬೆಂಗಳೂರಿಗೇ ಬಂತು. ದೊಮ್ಮಲೂರು ಬಳಿಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಟೇಕ್ ಸೊಲ್ಯೂಷನ್ಸ್ ಮಾಸ್ಟರ್ಸ್. ಗೆದ್ದ ಹುಡುಗ ವಿರಾಜ್ ಮಾದಪ್ಪ, ವಯಸ್ಸು 20. ಹೆಸರು ಕೇಳಿದ್ರೆ ಕೊಡಗು ನೆನಪಾಗುತ್ತೆ, ಆದರೆ ಆಟ ಕಲಿತದ್ದು ಕೋಲ್ಕತ್ತಾದಲ್ಲಿ. ಬಹುಮಾನದ ಒಟ್ಟು ಮೊತ್ತ 3.5 ಲಕ್ಷ ಡಾಲರ್. ಗೆದ್ದವನ ಪಾಲು ಶೇ 18, ಅಂದರೆ 63 ಸಾವಿರ ಡಾಲರ್, ಆಗಿನ ದರದಲ್ಲಿ 43 ಲಕ್ಷದ ಆಸುಪಾಸು. ಉಳಿದದ್ದು ಎರಡನೇ ಸ್ಥಾನ, ಮೂರನೇ ಸ್ಥಾನ ಅಂತ ಹಂಚಿಕೆಯಾಗ್ತಾ ಕೆಳಗೆ ಬರುವಷ್ಟರಲ್ಲಿ ಕರಗಿಹೋಗುತ್ತೆ. ಕಟ್ ದಾಟಿಯೂ ಕೊನೆಯಲ್ಲಿ ನಿಂತವನಿಗೆ ಆ ವಾರದ ಖರ್ಚು ಹುಟ್ಟಿದರೆ ಪುಣ್ಯ.

ಅಕ್ಟೋಬರ್‌ನಲ್ಲಿ ಬೆಂಗಳೂರಿನ ಖಾಲಿನ್ ಜೋಶಿ ಸರದಿ. ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ನಡೆದ ಪ್ಯಾನಾಸೋನಿಕ್ ಓಪನ್ ಇಂಡಿಯಾವನ್ನು ಒಂದೇ ಒಂದು ಹೊಡೆತದ ಅಂತರದಲ್ಲಿ ಗೆದ್ದರು. 72 ಸಾವಿರ ಡಾಲರ್, ನಮ್ಮ ಲೆಕ್ಕದಲ್ಲಿ 50 ಲಕ್ಷ ದಾಟುತ್ತೆ. ನಾಲ್ಕು ದಿನದ ಆಟದಲ್ಲಿ ಒಂದು ಹೊಡೆತ ಹೆಚ್ಚಾಗಿದ್ದರೆ ಈ ಗೆಲುವು ಕೈಗೆ ಬಂದಂತೆಯೇ ಅಲ್ಲ.

ಗೆದ್ದವರ ಮಾತಾಯ್ತು. ಸೀಸನ್‌ನ ನಿಜವಾದ ಬಿಸಿ ಇರೋದು ಮಧ್ಯದಲ್ಲಿ. ವರ್ಷವಿಡೀ ಗಳಿಸಿದ್ದನ್ನು ಕೂಡಿಸಿ ‘ಆರ್ಡರ್ ಆಫ್ ಮೆರಿಟ್’ ಅನ್ನೋ ಪಟ್ಟಿ ಮಾಡ್ತಾರೆ. 2018ರಲ್ಲಿ ಅದರ ತುದಿಯಲ್ಲಿದ್ದವರು ಶುಭಂಕರ್ ಶರ್ಮಾ. ಆಗ ಮೊದಲ 60 ಸ್ಥಾನದಲ್ಲಿ ಇದ್ದವರಿಗೆ ಮುಂದಿನ ವರ್ಷ ಆಡುವ ‘ಕಾರ್ಡ್’ ಉಳಿಯುತ್ತಿತ್ತು. ನಮ್ಮ ಟ್ರೇಡ್ ಲೈಸೆನ್ಸ್ ಇದ್ದ ಹಾಗೆ ಅಂದ್ಕೊಳ್ಳಿ, ಆದರೆ ಶುಲ್ಕ ಕಟ್ಟಿದ್ರೆ ರಿನ್ಯೂವಲ್ ಆಗಲ್ಲ. ಆಡಿಯೇ ಗಳಿಸಬೇಕು. ಟೂರ್ನಿ ಗೆದ್ದವರಿಗೆ ಆ ಚಿಂತೆ ಇಲ್ಲ. 61ನೆಯವನಾದರೆ ಥಾಯ್ಲೆಂಡ್‌ಗೆ ಹೋಗಿ ‘ಕ್ವಾಲಿಫೈಯಿಂಗ್ ಸ್ಕೂಲ್’ನಲ್ಲಿ ಹೊಸ ಹುಡುಗರ ಜೊತೆ ಮತ್ತೆ ಪರೀಕ್ಷೆ ಬರೀಬೇಕಿತ್ತು. ಅಲ್ಲಿ ಕಾರ್ಡ್ ಸಿಗೋದು ಮೊದಲ 35 ಜನಕ್ಕೆ ಮತ್ತು ಅವರಿಗೆ ಸಮ ಬಂದವರಿಗೆ. ಅದಕ್ಕೇ ನವೆಂಬರ್, ಡಿಸೆಂಬರ್‌ನ ಟೂರ್ನಿಗಳಲ್ಲಿ ಗೆಲ್ಲುವವರಿಗಿಂತ 55ರಿಂದ 65ನೇ ಸ್ಥಾನದವರ ಮುಖ ನೋಡಬೇಕು.

ಕೋವಿಡ್ ಬಂದಾಗ ಇವರ ಅಂಗಡಿಯೂ ಮುಚ್ಚಿತ್ತು. 2020ರ ಮಾರ್ಚ್‌ನಲ್ಲಿ ಮಲೇಷ್ಯಾದಲ್ಲಿ ನಿಂತ ಏಷ್ಯನ್ ಟೂರ್ ಮತ್ತೆ ತೆರೆದದ್ದು 2021ರ ನವೆಂಬರ್‌ನಲ್ಲಿ, ಥಾಯ್ಲೆಂಡ್‌ನ ಫುಕೆಟ್‌ನಲ್ಲಿ. ಇಪ್ಪತ್ತು ತಿಂಗಳು. ಟೂರ್ನಿ ಇಲ್ಲ ಅಂದ್ರೆ ಆಟಗಾರನಿಗೂ ಇಲ್ಲ, ಕ್ಯಾಡಿಗೂ ಇಲ್ಲ. 2022ರಿಂದ ಲಿವ್ ಗಾಲ್ಫ್ ಹಣದಲ್ಲಿ ‘ಇಂಟರ್‌ನ್ಯಾಷನಲ್ ಸೀರೀಸ್’ ಶುರುವಾಗಿ ದೊಡ್ಡ ಮೊತ್ತ ಬಂದಿದೆ. ಆದರೆ ಅದೇ ಬಹುಮಾನಕ್ಕೆ ಹೊರಗಿನ ಬಲಿಷ್ಠರೂ ಬರ್ತಿದ್ದಾರೆ.

ಇದು ಸಾಹುಕಾರರ ಆಟ ಅಂತ ನಮ್ಮಲ್ಲಿ ಮಾತಿದೆ. ಕ್ಲಬ್ ಸದಸ್ಯತ್ವದ ಮಟ್ಟಿಗೆ ಅದು ಸುಳ್ಳೇನಲ್ಲ. ಆದರೆ ಸಿ. ಮುನಿಯಪ್ಪ ಅವರನ್ನು ಮರೀಬಾರದು. ಬೆಂಗಳೂರಿನ ಅದೇ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನಲ್ಲಿ ಬೇರೆಯವರ ಬ್ಯಾಗ್ ಹೊತ್ತ ಕ್ಯಾಡಿ ಅವರು. 2009ರಲ್ಲಿ ಗುರುಗ್ರಾಮದಲ್ಲಿ ಇಂಡಿಯನ್ ಓಪನ್ ಆಡಿ, ಕೊರಿಯಾದ ಲೀ ಸಂಗ್ ಜೊತೆ ಸಮ ಬಂದು, ಪ್ಲೇಆಫ್‌ನಲ್ಲಿ ಗೆದ್ದರು. ಬಹುಮಾನ ಸುಮಾರು 2 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ 90 ಲಕ್ಷದ ಹತ್ತಿರ. ಬಿಡದಿ ಕಡೆಯ ಎಸ್. ಚಿಕ್ಕರಂಗಪ್ಪ ಕೂಡ ದೊಡ್ಡ ಮನೆತನದಿಂದ ಬಂದವರಲ್ಲ. 2015ರಲ್ಲಿ ಭಾರತದ ವೃತ್ತಿಪರ ಟೂರ್ ಆದ ಪಿಜಿಟಿಐನ ಆರ್ಡರ್ ಆಫ್ ಮೆರಿಟ್‌ನಲ್ಲಿ ಮೊದಲ ಸ್ಥಾನ ಅವರದ್ದೇ.

ಪಿಜಿಟಿಐ ಅಂದ್ರೆ ಏಷ್ಯನ್ ಟೂರ್‌ಗೆ ಹತ್ತುವ ಮೆಟ್ಟಿಲು. ನಮ್ಮ ಮೈಸೂರಿನ ಯಶಸ್ ಚಂದ್ರ ಆಡುವುದು ಅಲ್ಲೇ. ಅದರ ಟೂರ್ನಿ ನಮ್ಮ ರೇಸ್‌ಕೋರ್ಸ್ ಮೈದಾನದಲ್ಲೂ ನಡೆದಿದೆ. ಅಂಥ ವಾರದಲ್ಲಿ ನೂರಕ್ಕೂ ಹೆಚ್ಚು ಆಟಗಾರರು, ಅವರ ಕ್ಯಾಡಿಗಳು ಊರಲ್ಲಿ ಉಳ್ಕೋತಾರೆ. ಲಾಡ್ಜ್, ಮೆಸ್, ಆಟೋದವರು ಗಮನಿಸಬಹುದು: ಎರಡನೇ ದಿನದ ರಾತ್ರಿ ಅರ್ಧಕ್ಕರ್ಧ ರೂಮು ಖಾಲಿಯಾದರೆ, ಅವತ್ತು ಕಟ್ ಆಗಿದೆ ಅಂತ ಅರ್ಥ.